ಮೀಸೆಯ ಸವತಿ

“ಓರೆ ಮಾಡಿ, ಓರೆ! ತಲೆ ಕಡೆಯೋರು ಬಗ್ಗಿ ಅಂದ್ರೆ ಬಗ್ಗಬೇಕಪ್ಪಾ!”

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಫ್ಯಾಕ್ಟರಿಯವರು ಕೊಟ್ಟ ಪೆಟ್ಟಿಗೆ ಅಗಲ, ಮನೆಯ ಬಾಗಿಲು ಕಿರಿದು. ಸತ್ತವನ ಅಣ್ಣ ಅಂಗಳದ ನಡುವೆ ನಿಂತು ಕೈ ಬೀಸಿ ಬೀಸಿ ಅಪ್ಪಣೆ ಕೊಡುತ್ತಿದ್ದ. ಬಸ್‌ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಅವನದು. ಜೀವಮಾನವೆಲ್ಲ ಜನರನ್ನು ಸಾಲಿನಲ್ಲಿ ನಿಲ್ಲಿಸಿದವನಿಗೆ ತಮ್ಮನ ಹೆಣವೂ ತನ್ನ ಮಾತು ಕೇಳಬೇಕೆಂಬ ಹಟ.

“ಓರೆ ಮಾಡಿದ್ರೆ ಒಳಗಿರೋನು ಏನಾಗ್ಬೇಕು? ಅವನೇನು ಬೀರುವೇನೋ?” ಎಂದು ಮೂಲೆಮನೆಯ ಅಜ್ಜಿ ಗದರಿದಳು. “ಪೆಟ್ಟಿಗೆ ಅಂಗಳದಲ್ಲೇ ಇಳ್ಸಿ. ಹುಟ್ಟಿದಾಗ ಈ ಮನೆಯೊಳಕ್ಕೆ ಕೈಮೇಲೆ ತಾನೆ ಬಂದಿದ್ದು? ಈಗಲೂ ಕೈಮೇಲೇ ತನ್ನಿ.”

ಅಜ್ಜಿಗೆ ಎದುರಾಡಿ ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ಹಿಂದಕ್ಕೆ ಬಂತು, ಮುಚ್ಚಳ ತೆರೆಯಿತು. ಸತ್ತವನ ಮಗ ತಲೆಯ ಕಡೆ ಕೈಹಾಕಿದ. ಕಾಲಿನ ಕಡೆಗೆ, ಪೆಟ್ಟಿಗೆಯ ಜೊತೆ ವ್ಯಾನಿನಲ್ಲಿ ಬಂದಿದ್ದ ಅಪರಿಚಿತನೊಬ್ಬ ಬಗ್ಗಿದ. ದಪ್ಪ ಮೀಸೆ, ಕೆಂಪಗೆ ಊದಿಕೊಂಡ ಕಣ್ಣು, ಬೆವರು ಒಣಗಿ ಗೆರೆಗೆರೆಯಾದ ಅಂಗಿ. ಅವನು ಹೆಣದ ಮೊಣಕಾಲ ಕೆಳಗೆ ಕೈ ಕೊಟ್ಟು ಎತ್ತಿದವನು, ಇಷ್ಟು ಹಗುರವೇ ಎಂಬಂತೆ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಮೆಲ್ಲಗೆ ಹೆಜ್ಜೆಯಿಡುತ್ತ ಒಳಗೆ ಬಂದ.

ಸತ್ತವನ ಹೆಂಡತಿ ಒಳಗೆ ಹೊಲಿಗೆ ಮೆಷಿನ್ನಿನ ಪಕ್ಕ ನಿಂತಿದ್ದಳು. ಬೀದಿಯವರ ಬಟ್ಟೆಯನ್ನೆಲ್ಲ ಹೊಲಿಯುವವಳು ಅವಳೇ. ಸುದ್ದಿ ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದ ನೆಂಟರಿಗೆ ಸಾವಿಗಿಂತ ಅದೇ ದೊಡ್ಡ ಚಿಂತೆಯಾಗಿತ್ತು. ಗಂಡನನ್ನು ಚಾಪೆಯ ಮೇಲೆ ಮಲಗಿಸಿದರು. ಅವಳು ಅವನ ಮುಖ ನೋಡಿದಳು. ಆಮೇಲೆ ಮೀಸೆಯವನ ಮುಖ ನೋಡಿದಳು, ನೋಡುತ್ತಲೇ ಇದ್ದಳು.

“ನೀವೇನಾ ಸವತಿ?” ಎಂದು ಕೇಳಿದಳು.

ಅಳುತ್ತಿದ್ದವರೆಲ್ಲ ಗಪ್‌ಚಿಪ್. ಮೀಸೆಯವನು ತಲೆ ತಗ್ಗಿಸಿದ.

“ಹೂಂ ಅತ್ತಿಗೆ. ನಾನೇ.”

ಅವಳಿಗೆ ನಗು ಬಂತು. ಅಷ್ಟು ಜನರ ಮುಂದೆ, ಗಂಡನ ಕಾಲಬುಡದಲ್ಲಿ ನಿಂತು, ಆ ಹೆಂಗಸು ಕಿಸಕ್ಕನೆ ನಕ್ಕುಬಿಟ್ಟಳು. ನಗು ಅರ್ಧದಲ್ಲೇ ಮುರಿದು ಅಳುವಾಯಿತು. ಬಾಯಿಗೆ ಅಂಗೈ ಒತ್ತಿಕೊಂಡರೂ ನಿಲ್ಲಲಿಲ್ಲ; ಕುಸಿದು ಕೂತು ಹೋ ಎಂದು ಅತ್ತಳು.

“ಅಂತೂ ಅತ್ತಳಲ್ಲ, ಬದುಕಿಕೊಂಡಳು” ಎಂದಳು ಅಜ್ಜಿ. ಅದು ಹೇಗೆ ಅತ್ತಳೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

*

ಸವತಿಯ ಕತೆ ಇಷ್ಟು.

ಫ್ಯಾಕ್ಟರಿಯ ಹಿಂದೆ ಕೆಲಸಗಾರರಿಗೆಂದು ಕಟ್ಟಿದ ರೂಮುಗಳು. ಕಿಟಕಿ ತೆರೆದರೆ ಗೋಡೆ, ಬಾಗಿಲು ತೆರೆದರೆ ಓಣಿ. ಒಳಗೆ ಕಬ್ಬಿಣದ ಮಂಚಗಳು, ಒಂದರ ಮೇಲೊಂದು. ಒಂದೊಂದು ಮಂಚಕ್ಕೂ ಇಬ್ಬರು ಯಜಮಾನರು: ಹಗಲುಪಾಳಿಯವನು ರಾತ್ರಿ ಮಲಗಬೇಕು, ರಾತ್ರಿಪಾಳಿಯವನು ಹಗಲು ಮಲಗಬೇಕು. ಒಬ್ಬ ಎದ್ದ ಜಾಗದಲ್ಲಿ ಇನ್ನೊಬ್ಬ ಬೀಳುವುದು. ಮಂಚಕ್ಕೆ ಮಾತ್ರ ಪಾಳಿಯೂ ಇಲ್ಲ, ರಜೆಯೂ ಇಲ್ಲ.

ಸತ್ತವನು ಹಗಲಿನವನು. ತಗಡಿಗೆ ಅಚ್ಚು ಒತ್ತುವ ಪ್ರೆಸ್ಸಿನ ಮುಂದೆ ಅವನ ಕೆಲಸ. ತಗಡು ಇಡು, ಕೈ ತೆಗಿ, ಬಲಗಾಲಲ್ಲಿ ಪೆಡಲ್ ಒತ್ತು, ಮತ್ತೆ ತಗಡು ಇಡು. ಕೈ ತೆಗೆಯುವುದನ್ನು ಮರೆತರೆ ಕೈಯನ್ನೇ ಮರೆಯಬೇಕು. ಎಲ್ಲರೂ ಅವನನ್ನು ಪ್ರೆಸ್ಸಣ್ಣ ಎಂದು ಕರೆಯುತ್ತಿದ್ದರು. ಮೀಸೆಯವನು ಬಣ್ಣ ಹೊಡೆಯುವ ವಿಭಾಗದಲ್ಲಿ ರಾತ್ರಿಪಾಳಿಯವನು.

ವರ್ಷಗಟ್ಟಲೆ ಒಂದೇ ಮಂಚದಲ್ಲಿ ಮಲಗಿದರೂ ಒಬ್ಬ ಮಲಗಿದ್ದನ್ನು ಇನ್ನೊಬ್ಬ ಕಂಡಿದ್ದಿಲ್ಲ. ಬೆಳಿಗ್ಗೆ ಬಾಗಿಲ ಬಳಿ ಒಂದು ಗಳಿಗೆಯ ಭೇಟಿ, ಸಂಜೆ ಇನ್ನೊಂದು ಗಳಿಗೆ.

“ನಿದ್ದೆ ಆಯ್ತಾ?”

“ಆಯ್ತು.”

ಬೇರೆ ಕಡೆ ಜನ ಊಟ ಆಯ್ತಾ ಎಂದು ಕೇಳುತ್ತಾರೆ. ಆ ಓಣಿಯಲ್ಲಿ ನಿದ್ದೆ ಆಯ್ತಾ ಎಂದು ಕೇಳಬೇಕು, ಆಯ್ತು ಎನ್ನಬೇಕು. ಅದೇ ಅಲ್ಲಿಯ ಕುಶಲೋಪಚಾರ. ಆಗಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ಕೇಳಿದವನು ನಿಂತು ಯಾಕೆ ಎನ್ನಬೇಕಾಗುತ್ತದೆ. ನಿಲ್ಲಲು ಹೊತ್ತೆಲ್ಲಿದೆ? ಅಷ್ಟರಲ್ಲಿ ಸೈರನ್ ಆಗಿರುತ್ತದೆ.

ಮೀಸೆಯವನು ಆ ರೂಮಿಗೆ ಬಂದ ಹೊಸದರಲ್ಲಿ ಪ್ರೆಸ್ಸಣ್ಣ ಹೆಂಡತಿಗೆ ಫೋನ್ ಮಾಡಿ, “ನನ್ನ ಹಾಸಿಗೆಗೆ ಇನ್ನೊಬ್ಬರು ಬಂದಿದಾರೆ ಕಣೇ” ಎಂದಿದ್ದ.

“ಯಾರವಳು?”

“ಅವಳಲ್ಲ, ಅವನು. ಇಷ್ಟು ದಪ್ಪ ಮೀಸೆ.”

“ಅಯ್ಯೋ ನನ್ನ ಕರ್ಮವೇ! ಹೋಗಿಹೋಗಿ ಮೀಸೆ ಇರೋ ಸವತಿ ಸಿಕ್ಕಬೇಕಾ ನಂಗೆ?”

ಇಬ್ಬರೂ ಫೋನಿನ ಎರಡು ತುದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಅವನ ಹೆಸರು ಅದೇ ಆಯಿತು. ಸವತಿ ಹೇಗಿದ್ದಾಳೆ, ಸವತಿಗೆ ಶೀತವಂತೆ, ಸವತಿ ತಲೆಗೆ ಎಣ್ಣೆ ಮೆತ್ತಿಕೊಂಡು ದಿಂಬೆಲ್ಲ ಜಿಡ್ಡು ಮಾಡಿದ್ದಾಳೆ. ಹೆಂಡತಿ ಎರಡು ದಿಂಬಿನ ಚೀಲ ಹೊಲಿದು ಕಳಿಸಿದಳು. ನೀಲಿಯದು ಗಂಡನಿಗೆ, ಹೂವಿನದು ಸವತಿಗೆ. ಮೀಸೆಯವನು ಹೂವಿನ ಚೀಲದ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ರೂಮಿನವರು ನಕ್ಕರೆ, “ಅತ್ತಿಗೆ ಕೊಟ್ಟಿದ್ದು, ಹೊಟ್ಟೆಕಿಚ್ಚು ಪಡಬೇಡಿ” ಎನ್ನುತ್ತಿದ್ದ.

ಒಂದೇ ಒಂದು ಸಲ ಅವರಿಬ್ಬರ ನಡುವೆ ಮಾತು ಬಿಸಿಯಾಗಿತ್ತು. ಬೇಸಿಗೆ. ರಾತ್ರಿಯಿಡೀ ಬಣ್ಣದ ಹೊಗೆ ಕುಡಿದು ಬಂದ ಮೀಸೆಯವನು ಬಾಗಿಲಲ್ಲೇ ರೇಗಿದ: “ನೀನು ಎದ್ದು ಹೋದ ಹಾಸಿಗೆ ಕಾದ ಹೆಂಚು ಕಣೋ. ಬೆನ್ನು ಸುಡುತ್ತೆ. ಸ್ವಲ್ಪ ಬೇಗ ಎದ್ದು ಗಾಳಿಗೆ ಬಿಡೋಕೇನು ನಿಂಗೆ?”

“ಆಯ್ತು ಮಹರಾಯ, ಆಯ್ತು” ಎಂದು ಪ್ರೆಸ್ಸಣ್ಣ ನಗುತ್ತಲೇ ಪಾಳಿಗೆ ಹೋಗಿದ್ದ.

*

ಹೆಣಕ್ಕೆ ಸ್ನಾನ ಮಾಡಿಸಿ ಬಿಳಿ ಅಂಗಿ ತೊಡಿಸಿದ್ದಾಯಿತು. ಅಂಗಿ ಹೆಂಡತಿಯೇ ಹೊಲಿದದ್ದು, ಹೋದ ಸಲದ ರಜೆಯ ಅಳತೆಗೆ. ಈಗ ಅದರೊಳಗೆ ಅವನಂಥ ಇಬ್ಬರು ಹಿಡಿಸುತ್ತಿದ್ದರು. ಅವಳು ಹೆಚ್ಚಾದ ಬಟ್ಟೆಯನ್ನು ಎರಡೂ ಕಡೆ ಮಡಿಚಿ ಬೆನ್ನಿನಡಿಗೆ ಸೇರಿಸಿದಳು. ಕಣ್ಣಿನ ಸುತ್ತ ಕಪ್ಪಗೆ ಗುಳಿಬಿದ್ದದ್ದನ್ನು ಮಾತ್ರ ಎಲ್ಲಿಗೂ ಸೇರಿಸಲಾಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಗಂಡಸರ ಮಾತು ಕಿಟಕಿಯಿಂದ ಕೇಳುತ್ತಿತ್ತು.

“ಚಂದದ ಸಾವು ಅಂದ್ರೆ ಇದು” ಎನ್ನುತ್ತಿದ್ದ ಅಣ್ಣ. “ಪಾಳಿ ಮುಗಿಸಿದಾನೆ, ಗೇಟಿನ ಹತ್ರ ಕಟ್ಟೆ ಮೇಲೆ ಕೂತಿದಾನೆ. ಕೂತಲ್ಲೇ ಹೃದಯ ನಿಂತಿದೆ. ನರಳಲಿಲ್ಲ, ಯಾರಿಗೂ ತೊಂದ್ರೆ ಕೊಡಲಿಲ್ಲ.”

“ಚಂದದ ಸಾವು ನನ್ನಂಥೋಳಿಗೆ ಬರಬೇಕು ಕಣೋ” ಎಂದಳು ಅಜ್ಜಿ ಒಳಗಿನಿಂದಲೇ. “ಅವನಿಗೇನಾಗಿತ್ತು ವಯಸ್ಸು? ತಲೇಲಿ ಒಂದು ಬಿಳಿಕೂದಲಿಲ್ಲ.”

“ಹಣೆಬರಹ ಅಜ್ಜೀ. ಅದಕ್ಕೆ ಕಂಪನಿಯೋರು ಏನು ಮಾಡ್ತಾರೆ? ಒಳ್ಳೇ ಜನ. ವ್ಯಾನು ಕಳಿಸಿದಾರೆ, ಪೆಟ್ಟಿಗೆ ಕೊಟ್ಟಿದಾರೆ. ಅವನ ಜಾಗಕ್ಕೆ ಅವನ ಮಗನ್ನೇ ತಗೋತೀವಿ ಅಂತನೂ ಹೇಳಿ ಕಳಿಸಿದಾರೆ. ಕೆಲಸ, ರೂಮು, ಎಲ್ಲ ಅಪ್ಪಂದೇ. ಏನಪ್ಪಾ, ಹೌದು ತಾನೆ?”

ಕೇಳಿದ್ದು ಮೀಸೆಯವನನ್ನು. ಅವನು ನೆಲ ನೋಡುತ್ತ, “ಹೂಂ, ಹಾಗಂದ್ರು” ಎಂದ. ಹೊರಡುವಾಗ ಫ್ಯಾಕ್ಟರಿಯ ಮೇಲ್ವಿಚಾರಕ ವ್ಯಾನಿನ ಕಿಟಕಿಗೆ ಬಾಗಿ ಎರಡು ಮಾತು ಹೇಳಿದ್ದ. ಹೃದಯ ನಿಂತು ಸತ್ತ, ಅದಕ್ಕಿಂತ ಹೆಚ್ಚು ಬಾಯಿಬಿಡಬೇಡ. ಬರುವಾಗ ಮಗನನ್ನು ಕರೆದುಕೊಂಡು ಬಾ. ಎರಡಕ್ಕೂ ಇವನು ತಲೆಯಾಡಿಸಿ ಬಂದಿದ್ದ.

“ಸಂಜೆ ವ್ಯಾನು ಹೋಗೋವಾಗ್ಲೇ ಹೋಗಿಬಿಡ್ಲಿ” ಎಂದ ಅಣ್ಣ. “ತಡ ಮಾಡಿದ್ರೆ ಹೊರಗಿನೋರಿಗೆ ಕೊಡ್ತಾರಂತೆ. ಮಣ್ಣು ಮಾಡಿದ ಮೇಲೆ ಇಲ್ಲೇನು ಮೊಟ್ಟೆಗೆ ಕಾವು ಕೊಡೋದಿದೆಯಾ?”

ಮಗ ಬಾಗಿಲಲ್ಲಿ ನಿಂತಿದ್ದ. ಕೆಲಸ ಮಾಡುತ್ತಿದ್ದ ಸೈಕಲ್ ಅಂಗಡಿ ಮುಚ್ಚಿದಾಗಿನಿಂದ ಅವನು ಮನೆಯಲ್ಲೇ ಇದ್ದ, ತಾಯಿಯ ಕಣ್ಣು ತಪ್ಪಿಸಿ ಉಣ್ಣುತ್ತಿದ್ದ. “ನಾನು ಹೋಗ್ತೀನಿ ದೊಡ್ಡಪ್ಪ” ಎಂದು ಥಟ್ಟನೆ ಹೇಳಿದ.

ಒಳಗೆ ತಾಯಿ ಅಂಗಿಯ ಮಡಿಕೆ ಬಿಟ್ಟು ಬಾಗಿಲ ಕಡೆ ತಿರುಗಿದಳು. ಹೋಗಬೇಡ ಎನ್ನಲು ಅವಳ ಬಳಿ ಕಾರಣವಿರಲಿಲ್ಲ. ಗಂಡ ಅಲ್ಲಿ ಯಾಕೆ ಹಾಗಾದನೆಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದೆಯೆಂದು ಅವಳು ಅಂದುಕೊಂಡಿದ್ದು ಮಗನೆದುರು ಆಡುವಂಥ ಮಾತಾಗಿರಲಿಲ್ಲ.

*

ಹೋದ ಸಲ ರಜೆಗೆ ಬಂದಾಗ ಗಂಡನ ಮೈ ಬಂದಿತ್ತು, ಮನುಷ್ಯ ಬಂದಿರಲಿಲ್ಲ. ಕರೆದರೆ ಎರಡನೇ ಸಲಕ್ಕೆ ಓಗೊಡುತ್ತಿದ್ದ. ತಟ್ಟೆಯ ಮುಂದೆ ಕೂತರೆ ಅನ್ನ ಆರಿ ಅಗುಳು ಗಟ್ಟಿಯಾಗುವವರೆಗೂ ನೋಡುತ್ತ ಕೂರುತ್ತಿದ್ದ. ಮಧ್ಯಾಹ್ನ ಒಂದು ಗಳಿಗೆ ಅಡ್ಡಾದರೆ ಬಲಗಾಲು ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯೊಳಗೇ ಪೆಡಲ್ ಒತ್ತುತ್ತಿತ್ತು. ಅವಳಿಗೆ ಮೊದಮೊದಲು ತಮಾಷೆ ಎನಿಸಿತ್ತು. “ಇಲ್ಲೂ ಓವರ್‌ಟೈಮಾ? ಇಲ್ಲಿ ಯಾರೂ ಸಂಬಳ ಕೊಡಲ್ಲ ಕಣ್ರೀ” ಎಂದಿದ್ದಳು. ಅವನು ನಗಲಿಲ್ಲ.

ಒಂದು ದಿನ ಅವಳು ಅವನದೇ ಅಂಗಿ ಹೊಲಿಯುತ್ತ ಮೆಷಿನ್ ತುಳಿಯುತ್ತಿದ್ದಳು. “ನಿಲ್ಸೇ ಅದನ್ನ!” ಎಂದು ಅವನು ಕಿರುಚಿದ. ಮದುವೆಯಾದಾಗಿನಿಂದ ದನಿ ಎತ್ತಿದವನಲ್ಲ. ತಿರುಗಿ ನೋಡಿದರೆ, ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಗೋಡೆಗೆ ಅಂಟಿ ನಿಂತಿದ್ದ. ಅವಳಿಗೆ ಕಂಡದ್ದು ಕೋಪ ಮಾತ್ರ. ನಾನು ಮಾಡಿದ್ದೇನು ಅಂಥದ್ದು ಎಂದು ಅಂಗಿಯನ್ನು ಮೆಷಿನ್ನಿನ ಮೇಲೇ ಬಿಟ್ಟು ಎದ್ದಳು.

ಮಾತಿಲ್ಲ, ಕತೆಯಿಲ್ಲ, ಮುಟ್ಟಲು ಹೋದರೆ ಬೆಚ್ಚಿಬೀಳುತ್ತಾನೆ. ಇಂಥ ಗಂಡನನ್ನು ಕಂಡ ಹೆಂಡತಿಗೆ ಏನು ಹೊಳೆಯಬೇಕೋ ಅದೇ ಹೊಳೆಯಿತು. ಅವನು ಹೊರಡುವ ಹಿಂದಿನ ದಿನ ಅವಳು ಕೇಳಿಯೇಬಿಟ್ಟಳು.

“ನಿಜ ಹೇಳಿ. ಅಲ್ಲಿ ಯಾರನ್ನ ಇಟ್ಕೊಂಡಿದೀರಿ?”

ಅವನು ತನ್ನ ಎರಡೂ ಅಂಗೈ ನೋಡಿಕೊಂಡ.

“ಯಾರೂ ಇಲ್ಲ ಕಣೇ” ಎಂದ. “ಅಲ್ಲಿ ನಾನೂ ಇಲ್ಲ.”

“ಮಾತಿಗೇನು ಕಮ್ಮಿಯಿಲ್ಲ ನಿಮಗೆ” ಎಂದು ಅವಳು ಎದ್ದು ಹೋದಳು. ಮರುದಿನ ಬಸ್ಸಿನವರೆಗೂ ಬರಲಿಲ್ಲ. ಆಮೇಲೆ ಫೋನಿನಲ್ಲಿ ಊಟ ಆಯ್ತಾ ಎಂದರೆ ಆಯ್ತು, ಅಷ್ಟೇ. ಸವತಿ ಹೇಗಿದ್ದಾಳೆ ಎಂದು ಅವಳು ಕೇಳುವುದನ್ನು ಬಿಟ್ಟಳು. ಆ ಪದ ಬಾಯಿಗೆ ಬಂದರೆ ಈಗ ನಗು ಬರುತ್ತಿರಲಿಲ್ಲ.

*

ಊರಾಚೆಯ ದಿಬ್ಬದಲ್ಲಿ ಮಣ್ಣು ಮಾಡಿ ಬಂದರು. ಬಂದವರೆಲ್ಲ ಹಿತ್ತಲಿನ ಡ್ರಮ್ಮಿನ ಬಳಿ ಕೈಕಾಲು ತೊಳೆದು ಒಬ್ಬೊಬ್ಬರಾಗಿ ಮುಂದಕ್ಕೆ ಹೋದರು. ಮೀಸೆಯವನು ಕೊನೆಯವನು. ಅವನು ಚೆಂಬಿಗೆ ಕೈ ಹಾಕುವಷ್ಟರಲ್ಲಿ ಅವಳು ಬಂದು ಚೆಂಬು ಎತ್ತಿಕೊಂಡು ತಾನೇ ನೀರು ಹಾಕಿದಳು.

“ಒಂದು ಮಾತು ಕೇಳ್ತೀನಿ. ಅವರಿಗೆ ಮಣ್ಣು ಹಾಕಿದ ಕೈ ಇದು, ಸುಳ್ಳು ಹೇಳಬೇಡಿ” ಎಂದಳು. “ಅಲ್ಲಿ ಅವರಿಗೆ ಇನ್ನೊಬ್ಬಳು ಇದ್ದಳಾ?”

ಮೀಸೆಯವನ ಕೈ ನೀರಿನ ಕೆಳಗೆ ಹಾಗೇ ನಿಂತಿತು. ಅವನಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮುಖ ಕಿವುಚಿಕೊಂಡಿತು.

“ಅಯ್ಯೋ ಅತ್ತಿಗೆ! ಅವನಿಗೆ ನಿದ್ದೆನೇ ಇರಲಿಲ್ಲ, ಇನ್ನೊಬ್ಬಳು ಎಲ್ಲಿಂದ ಬರ್ತಾಳೆ?”

“ಅಂದ್ರೆ?”

ಮೇಲ್ವಿಚಾರಕನ ಮಾತು ಅವನಿಗೆ ನೆನಪಾಯಿತು. ಎದುರಿಗೆ ನಿಂತಿದ್ದ ಹೆಂಗಸಿನ ಮುಖವೂ ಕಾಣುತ್ತಿತ್ತು. ಅವನು ಡ್ರಮ್ಮಿನ ಅಂಚು ಹಿಡಿದುಕೊಂಡ.

“ಹಾಸಿಗೆ ತಣ್ಣಗಿರ್ತಿತ್ತು ಅತ್ತಿಗೆ. ಬೆಳಿಗ್ಗೆ ನಾನು ಬಂದು ಬಿದ್ರೆ ತಣ್ಣಗೆ, ಹೊದಿಕೆಗೆ ಒಂದು ಸುಕ್ಕಿಲ್ಲ. ನಾನು ಹಿಂದೊಂದಿನ ಬೈದಿದ್ದೆ, ಹಾಸಿಗೆ ಕಾದಿರುತ್ತೆ, ಬೇಗ ಎದ್ದು ಗಾಳಿಗೆ ಬಿಡು ಅಂತ. ಪಾಪ, ಅದಕ್ಕೇ ಬೇಗ ಏಳ್ತಿದಾನೆ ಅಂದ್ಕೊಂಡೆ. ಒಂದಿನ ಥ್ಯಾಂಕ್ಸ್ ಬೇರೆ ಹೇಳಿದೆ. ‘ನಿನ್ನಿಂದ ಒಳ್ಳೇ ನಿದ್ದೆ ಬರ್ತಿದೆ ಮಹರಾಯ’ ಅಂದೆ. ‘ಒಬ್ಬನಿಗಾದ್ರೂ ಬರ್ಲಿ ಬಿಡು’ ಅಂದ. ನಾನು ನಕ್ಕುಬಿಟ್ಟೆ.”

ಅವಳು ಚೆಂಬು ಹಿಡಿದೇ ಇದ್ದಳು.

“ಅವನು ಆ ಹಾಸಿಗೇಲಿ ಮಲಗ್ತಾನೇ ಇರಲಿಲ್ಲ. ಇಡೀ ರಾತ್ರಿ ಮೆಟ್ಟಿಲ ಮೇಲೆ ಕೂತಿರ್ತಿದ್ದ ಅಂತ ವಾಚ್‌ಮನ್ ನಂಗೆ ಹೇಳಿದ್ದು ಮೊನ್ನೆ, ಎಲ್ಲ ಮುಗಿದ ಮೇಲೆ. ಕಣ್ಣು ಮುಚ್ಚಿದ್ರೆ ಪ್ರೆಸ್ಸು ಕೈ ಮೇಲೆ ಬೀಳುತ್ತೆ ಅಂತಿದ್ದನಂತೆ. ನಿಂತ ಮೆಷಿನ್ ಸದ್ದು ಅವನಿಗೆ ಮಾತ್ರ ಕೇಳ್ತಿತ್ತಂತೆ.”

“ಯಾರಿಗೂ ಹೇಳಲಿಲ್ವಾ?”

“ಒಂದಿನ ನಾನು ಬಂದಾಗ ಬೂಟು ಹಾಕ್ಕೊಂಡು ಮಂಚದ ತುದೀಲಿ ಕೂತು ಅಳ್ತಿದ್ದ. ಸದ್ದಿಲ್ಲ, ಬರೀ ನೀರು. ಏನೋ ಅಂದ್ರೆ, ಕಣ್ಣಿಗೆ ತಗಡಿನ ಚೂರು ಬಿತ್ತು ಅಂದ. ನಾನೇ ಕೈ ಹಿಡಿದು ಫ್ಯಾಕ್ಟರಿ ದವಾಖಾನೆಗೆ ಕರ್ಕೊಂಡು ಹೋದೆ. ಕಾಂಪೌಂಡರ್ ಥರ್ಮಾಮೀಟರ್ ಇಟ್ಟು ನೋಡ್ದ. ಜ್ವರ ಇಲ್ಲ, ರಜೆ ಇಲ್ಲ, ಹೋಗು ಅಂದ. ಆಗ ಇವನು ಕೇಳಿದ ಅತ್ತಿಗೆ, ‘ಜ್ವರ ಬರೋಕೆ ಏನು ಮಾಡಬೇಕು ಸಾರ್?’ ಅಂತ. ಅಲ್ಲಿದ್ದೋರೆಲ್ಲ ಬಿದ್ದು ಬಿದ್ದು ನಕ್ಕರು. ತಮಾಷೆ ಮಾಡ್ತಿದಾನೆ ಅಂದ್ಕೊಂಡ್ವಿ.”

ಚೆಂಬು ಅವಳ ಕೈಯಿಂದ ಜಾರಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಅವಳು ಅಲ್ಲೇ ಕುಕ್ಕರಿಸಿ ಹಣೆ ಹಣೆ ಚಚ್ಚಿಕೊಂಡಳು. “ಯಾರನ್ನ ಇಟ್ಕೊಂಡಿದೀರಿ ಅಂತ ಕೇಳಿದೆನಲ್ಲಪ್ಪಾ ನಾನು! ಬಸ್ಸು ಹತ್ತಿಸೋಕೂ ಹೋಗಲಿಲ್ವಲ್ಲಾ ಪಾಪಿ!”

ಸದ್ದಿಗೆ ಅಣ್ಣ, ಅಜ್ಜಿ, ಮಗ ಎಲ್ಲ ಹಿತ್ತಲಿಗೆ ಬಂದರು. ಅಣ್ಣ ಗೋಡೆಯಾಚೆಯಿಂದ ಅಷ್ಟಿಷ್ಟು ಕೇಳಿಸಿಕೊಂಡೇ ಬಂದಿದ್ದ. ಮೀಸೆಯವನ ತೋಳು ಹಿಡಿದು ಪಿಸುಗುಟ್ಟಿದ.

“ಏನಯ್ಯಾ ಇದು? ಸತ್ತೋನ ಮೇಲೆ ಇಲ್ಲದ್ದು ಹೇಳೋದಾ? ನನ್ನ ತಮ್ಮನಿಗೆ ತಲೆ ಕೆಟ್ಟಿತ್ತು ಅಂತೀಯಾ?”

“ತಲೆ ಕೆಟ್ಟಿರಲಿಲ್ಲ ಯಜಮಾನ್ರೇ. ಕಾಯಿಲೆ.”

“ಹಾಗಾದ್ರೆ ಹೆಸರು ಹೇಳು ಕಾಯಿಲೆಗೆ.”

“ಗೊತ್ತಿಲ್ಲ. ಜ್ವರ ಬರದೆ ಇರೋ ಕಾಯಿಲೆ.”

“ನೋಡಪ್ಪಾ, ನನ್ನ ಮಗಳಿಗೆ ಸಂಬಂಧದ ಮಾತು ನಡೀತಿದೆ” ಎಂದ ಅಣ್ಣ. ಈಗ ಅವನ ದನಿಯಲ್ಲಿ ಅಪ್ಪಣೆ ಇರಲಿಲ್ಲ, ಭಯವಿತ್ತು. “ಹುಚ್ಚರ ಮನೆ ಅಂತ ಒಂದು ಸಲ ಹೆಸರು ಬಂದ್ರೆ ಮುಗೀತು. ಕೈ ಮುಗೀತೀನಿ, ಹೃದಯ ನಿಂತು ಹೋದ ಅನ್ನು. ಅದು ಸುಳ್ಳೂ ಅಲ್ವಲ್ಲ.”

ಅದು ಸುಳ್ಳಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡು ಎದ್ದಳು.

“ಅನ್ಲಿ ಭಾವ. ಊರೆಲ್ಲ ನನ್ನ ಗಂಡನ್ನ ಹುಚ್ಚ ಅನ್ಲಿ. ನಾನೇ ಹೇಳ್ತೀನಿ ಬೇಕಾದ್ರೆ, ಅವರು ಅಲ್ಲಿ ನಿದ್ದೆಗೆಟ್ಟು ನಿದ್ದೆಗೆಟ್ಟು ಸತ್ತರು ಅಂತ. ನನ್ನ ಮಗ ಅಲ್ಲಿಗೆ ಹೋಗಲ್ಲ.”

“ಅಮ್ಮಾ, ಸುಮ್ನಿರು” ಎಂದ ಮಗ. ಅವನ ಮುಖ ಕೆಂಪಾಗಿತ್ತು. ತಂದೆಗಾಗಿ ನಾಚಿಕೆಯೋ, ಕೆಲಸ ಕೈತಪ್ಪುವ ಸಂಕಟವೋ ಅವನಿಗೇ ತಿಳಿದಿರಲಿಕ್ಕಿಲ್ಲ. “ಹೋಗದೆ ಏನು ಮಾಡ್ಲಿ? ಇಲ್ಲಿ ಕೂತು ನಿನ್ನ ದುಡಿಮೆ ತಿನ್ಲಾ? ಅಪ್ಪ ಮೆತ್ತಗಿದ್ದ. ನಾನು ಗಟ್ಟಿ ಇದೀನಿ. ನಂಗೇನೂ ಆಗಲ್ಲ.”

ಮೀಸೆಯವನು ಅವನ ಕಡೆ ತಿರುಗಿದ.

“ನಿಮ್ಮಪ್ಪ ಅಷ್ಟು ವರ್ಷ ಆ ಪ್ರೆಸ್ಸಿನ ಮುಂದೆ ನಿಂತು ಒಂದು ಬೆರಳು ಕಳ್ಕೊಂಡಿಲ್ಲ ಕಣಪ್ಪ. ಅಂಥ ಗಟ್ಟಿಗ ನಮ್ಮ ಶೆಡ್ಡಲ್ಲಿ ಇನ್ನೊಬ್ಬನಿಲ್ಲ.” ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. “ನಿನ್ನನ್ನ ಕರ್ಕೊಂಡು ಹೋಗೋಕೇ ನನ್ನನ್ನ ಕಳಿಸಿರೋದು. ನೀನು ಬಂದ್ರೆ ಆ ಅರ್ಧ ಮಂಚ ನಿಂದು. ಬೆಳಿಗ್ಗೆ ನಾನು ನಿದ್ದೆ ಆಯ್ತಾ ಅಂತೀನಿ, ನೀನು ಆಯ್ತು ಅಂತೀಯ. ನಾನು ನಂಬ್ಕೊಂಡು ಹೋಗಿ ಮಲಗ್ತೀನಿ. ಇನ್ನೊಂದು ಸಲ ಅದು ನನ್ನ ಕೈಲಿ ಆಗಲ್ಲಪ್ಪ. ಬೇರೆ ಎಲ್ಲಿಗಾದ್ರೂ ಹೋಗು. ನನ್ನ ಮಂಚಕ್ಕೆ ಬರಬೇಡ.”

ಮಗ ಡ್ರಮ್ಮಿನ ನೀರು ನೋಡುತ್ತ ನಿಂತ.

ಅಷ್ಟರಲ್ಲಿ ಅವನ ತಾಯಿ ಮೀಸೆಯವನನ್ನು ಸರಿಯಾಗಿ ನೋಡಿದಳು. ಊದಿಕೊಂಡ ಕಣ್ಣು. ರೆಪ್ಪೆ ಇಳಿಯುತ್ತಿದೆ, ಇಳಿದ ಕೂಡಲೇ ಬೆಚ್ಚಿ ಮೇಲೇಳುತ್ತಿದೆ. ಬೆಳಿಗ್ಗೆಯಿಂದ ಅವಳು ಅದನ್ನು ಅಳುವೆಂದು ತಿಳಿದಿದ್ದಳು.

“ನಿಮಗೆ ನಿದ್ದೆ ಆಯ್ತಾ?” ಎಂದು ಕೇಳಿದಳು.

“ಆಯ್...” ಎಂದವನ ಮಾತು ಅಲ್ಲಿಗೇ ನಿಂತಿತು. “ಇಲ್ಲ ಅತ್ತಿಗೆ” ಎಂದ. “ಆಗಿಲ್ಲ. ಅವನು ಹೋದಾಗಿನಿಂದ ಆ ಮಂಚ ಹತ್ತೋಕೇ ಆಗಿಲ್ಲ. ಅದಕ್ಕೂ ಮುಂಚೆನೂ, ಎಷ್ಟು ದಿನದಿಂದಲೋ, ಸರಿಯಾಗಿ ಆಗಿಲ್ಲ.”

ಹೇಳಿದವನು ಮಕ್ಕಳಂತೆ ಬಿಕ್ಕಿದ. ಅಜ್ಜಿ ಮುಂದೆ ಬಂದು ಅವನ ಬೆನ್ನು ನೇವರಿಸಿ, “ಬಾ ಮಗಾ, ಒಳಗೆ ಬಾ. ಒಂದು ಲೋಟ ಚಹಾ ಕುಡಿ. ಅಳೋದಾದ್ರೆ ಕೂತ್ಕೊಂಡು ಅಳು” ಎಂದು ಕರೆದುಕೊಂಡು ಹೋದಳು.

*

ಚಹಾ ಬರುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ.

ನಡುಮನೆಯ ಗೋಡೆಗೆ ಒರಗಿ ಕೂತವನು ಹಾಗೇ ಪಕ್ಕಕ್ಕೆ ವಾಲಿ, ಬರಿನೆಲದ ಮೇಲೆ ಉದ್ದಕ್ಕೆ ಬಿದ್ದುಕೊಂಡಿದ್ದ. ಬಾಯಿ ತೆರೆದಿತ್ತು. ಗೊರಕೆ ಎಂದರೆ ಗೊರಕೆ, ಮೂಲೆಯಲ್ಲಿ ಕೂತು ಅಳುತ್ತಿದ್ದ ಹೆಂಗಸರ ದನಿಯನ್ನೂ ಮೀರಿಸಿದ್ದು. ಅವರಲ್ಲೊಬ್ಬಳು, “ಸಾವಿನ ಮನೇಲಿ ಇದೇನಮ್ಮಾ ಅನಾಚಾರ, ಎಬ್ಬಿಸಿ” ಎಂದಳು.

“ಎಬ್ಬಿಸಿದ್ರೆ ನೋಡಿ ಮತ್ತೆ” ಎಂದಳು ಹೆಂಡತಿ. ಸಣ್ಣ ದನಿಯಲ್ಲೇ ಹೇಳಿದಳು. “ಅಳೋರು ಹಿತ್ತಲಿಗೆ ಹೋಗಿ ಅಳಿ. ಇಲ್ಲಿ ಬೇಡ.”

ಹೆಂಗಸರು ಮುಖ ಮುಖ ನೋಡಿಕೊಂಡು ಎದ್ದರು. ತಟ್ಟೆ ಲೋಟ ಒಳಗೆ ಹೋದವು. ಅಷ್ಟು ಜನರಿದ್ದ ಮನೆಯಲ್ಲಿ ಗೊರಕೆಯೊಂದೇ ಉಳಿಯಿತು. ಅವಳು ಅವನ ತಲೆಯ ಬಳಿ ಕೂತು ನೊಣ ಅಟ್ಟತೊಡಗಿದಳು. ಗಂಡ ಹೀಗೆ ಬಾಯಿ ತೆರೆದು ಮಲಗಿ ಎಷ್ಟು ಕಾಲವಾಗಿತ್ತೋ ಎಂದು ನೆನೆದು ಅವಳ ಕಣ್ಣು ಮತ್ತೆ ತುಂಬಿತು. ಈ ಸಲ ಸದ್ದು ಮಾಡಲಿಲ್ಲ.

ಬೀದಿಯಲ್ಲಿ ವ್ಯಾನಿನ ಹಾರ್ನ್ ಕೇಳಿತು. ಮಲಗಿದವನ ಕೈ ಬೆಚ್ಚಿತು, ಗೊರಕೆ ತಡವರಿಸಿತು.

ಮಗ ಬಾಣದಂತೆ ಹೊರಗೆ ಓಡಿದ. ತಾಯಿಯೂ ಎದ್ದು ಹೋದಳು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ.

“ಹಾರ್ನ್ ಹೊಡಿಬೇಡ ಅಣ್ಣಾ!”

“ಹೊತ್ತಾಯ್ತಲ್ಲಪ್ಪ. ಎಲ್ಲಿ, ನೀನು ರೆಡಿನಾ? ಮೀಸೆ ಎಲ್ಲಿ? ಇಬ್ಬರನ್ನೂ ಕರ್ಕೊಂಡು ಬಾ ಅಂದಿದಾರೆ. ಖಾಲಿ ಹೋದ್ರೆ ನಾನೇನು ಹೇಳ್ಲಿ ಅವರಿಗೆ?”

ಮಗ ತಾಯಿಯ ಕಡೆ ನೋಡಿದ. ಅವಳು ಹೇಳುವುದನ್ನೆಲ್ಲ ಹಿತ್ತಲಲ್ಲೇ ಹೇಳಿಯಾಗಿತ್ತು. ಅವನು ಮನೆಯ ಕಡೆ ನೋಡಿದ. ತೆರೆದ ಬಾಗಿಲಿನಿಂದ ಗೊರಕೆ ಮತ್ತೆ ಲಯಕ್ಕೆ ಬಂದದ್ದು ಕೇಳುತ್ತಿತ್ತು.

“ಹುಷಾರಿಲ್ಲ ಅಂತ ಹೇಳು ಅಣ್ಣ” ಎಂದ.

“ಯಾರಿಗೆ?”

“ಒಳಗೆ ಮಲಗಿದಾರಲ್ಲ, ಅವರಿಗೆ. ನಾನು ಬರಲ್ಲ ಅಂತನೂ ಹೇಳು.”

ಡ್ರೈವರ್ ಏನೋ ಗೊಣಗಿ ಕೀಲಿಗೆ ಕೈ ಹಾಕಿದ. ಹಳೇ ವ್ಯಾನು. ಅದು ಸ್ಟಾರ್ಟ್ ಆದರೆ ಹೆಣವೂ ಎದ್ದು ಕೂರುವುದೆಂದು ಬೆಳಿಗ್ಗೆ ಬಂದಾಗಲೇ ಬೀದಿಯವರಿಗೆಲ್ಲ ತಿಳಿದಿತ್ತು. ಮಗ ಕಿಟಕಿಯೊಳಗೆ ಕೈ ತೂರಿಸಿ ಅವನ ಮಣಿಕಟ್ಟು ಹಿಡಿದ.

“ಇಲ್ಲಿ ಬೇಡ. ಗೇರ್ ತೆಗಿ. ತಳ್ತೀವಿ.”

“ತಲೆ ಕೆಟ್ಟಿದೆಯೇನೋ ನಿಂಗೆ?”

“ಕೆಟ್ಟಿದೆ ಅಂತನೇ ಇಟ್ಕೋ. ಗೇರ್ ತೆಗಿ.”

ಅವನು ಹಿಂದಕ್ಕೆ ಹೋಗಿ ಅಂಗಿಯ ತೋಳು ಮಡಿಚಿ ಭುಜ ಕೊಟ್ಟ. ವ್ಯಾನು ಅಲುಗಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಗಂಡಸರಲ್ಲಿ ಒಬ್ಬ ಎದ್ದ, ಇನ್ನೊಬ್ಬ ಎದ್ದ. ದೊಡ್ಡಪ್ಪ ಸ್ವಲ್ಪ ಹೊತ್ತು ಕೂತೇ ಇದ್ದ. ಆಮೇಲೆ ಚಪ್ಪಲಿ ಸದ್ದು ಮಾಡುತ್ತದೆಂದು ಅಲ್ಲೇ ಕಳಚಿಟ್ಟು, ಬರಿಗಾಲಲ್ಲಿ ಬಂದು ಮಗನ ಪಕ್ಕ ಬಗ್ಗಿದ. ಮಧ್ಯಾಹ್ನ ಹೆಣಕ್ಕೆ ಹೆಗಲು ಕೊಟ್ಟಿದ್ದವರೆಲ್ಲ ಮತ್ತೆ ಹೆಗಲು ಕೊಟ್ಟರು. ಖಾಲಿ ವ್ಯಾನು ಮೆಲ್ಲಗೆ ಉರುಳಿತು. ಯಾರೋ ಕೆಮ್ಮಲು ಹೋದರೆ ಉಳಿದವರು ಉಶ್ ಎಂದರು. ಡ್ರೈವರ್ ಸ್ಟೀರಿಂಗ್ ಹಿಡಿದು ಪೆಚ್ಚಾಗಿ ಕೂತಿದ್ದ. ಇವರು ಉಸಿರು ಬಿಗಿಹಿಡಿದು, ಕಾಲ್ಬೆರಳನ್ನು ಮಣ್ಣಿಗೆ ಊರಿ, ಅದನ್ನು ಮನೆಯ ಮುಂದಿನಿಂದ ಬೀದಿಯ ತಿರುವಿನಾಚೆಗೆ ತಳ್ಳಿಕೊಂಡು ಹೋದರು.